ಹೆಣ್ಣುಮಗುವಿಗೆ ಕಿರಣ್ ಅಂತ ಯಾರಾದ್ರೂ ಇಡ್ತಾರಾ?

ಮಗಳ ಜನನ ನೋಂದಣಿಗೆ ನಾನು ವಾದ ಮಾಡಲು ಸಿದ್ಧನಾಗಿಯೇ ಹೋಗಿದ್ದೆ. ಜರ್ಮನಿಯಲ್ಲಿ ಹೆಸರಿಗೂ ನೂರೆಂಟು ಕಟ್ಟಳೆ ಎಂದು ಗೆಳೆಯರು ಹೆದರಿಸಿದ್ದರು. ಅರ್ಜಿಯಲ್ಲಿ ಹೆಸರು 'ಕಿರಣ್', ಪಕ್ಕದಲ್ಲಿ 'ಹೆಣ್ಣು'. ಅಧಿಕಾರಿ ಹೆಂಗಸು ಅದನ್ನು ನೋಡಿ ನಕ್ಕರು. "ಕೋರ್ಟಿಗೆ ಹೋಗಿ ಗೆದ್ದ ಹೆಸರು ಇದು" ಎಂದು ಸೀಲು ಹೊಡೆದೇ ಬಿಟ್ಟರು.

ಹೌದು, ಕೋರ್ಟಿಗೆ ಹೋಗಿತ್ತು. ಮೊದಲೆಲ್ಲ ಇಲ್ಲಿ ಹೆಸರು ಕೇಳಿದ ಕೂಡಲೇ ಮಗು ಗಂಡೋ ಹೆಣ್ಣೋ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ಸ್ಪಷ್ಟವಾಗಿ ತಿಳಿಯುವ ಇನ್ನೊಂದು ಹೆಸರನ್ನು ಜೊತೆಗೆ ಸೇರಿಸಬೇಕು. (ಹೆಂಗಸರ ಹೆಸರುಗಳಲ್ಲಿ 'ಮರಿಯಾ' ಒಂದು ಮಾತ್ರ ಗಂಡಸರ ಎರಡನೇ ಹೆಸರಾಗಿಯೂ ನಡೆಯುತ್ತಿತ್ತು. ಯಾಕೆ ಅಂತ ಕೇಳಬೇಡಿ.) ಮಗಳಿಗೆ ಬರೀ ಕಿರಣ್ ಎಂದೇ ಇರಲಿ ಎಂದು ಪಟ್ಟು ಹಿಡಿದ ತಂದೆತಾಯಿಯ ಕೇಸು ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಹಾಗೆ ಹೇಳುವ ಕಾನೂನೇ ಇಲ್ಲ, ಮಗುವಿಗೆ ಕೆಡುಕಾಗುವಂತಿದ್ದರೆ ಮಾತ್ರ ತಡೆಯಬಹುದು, ಅಷ್ಟೇ.

ಇನ್ನು ನಮ್ಮ ಕಡೆ. ಫೋನಿನಲ್ಲಿ ಅಮ್ಮನ ಮೊದಲ ಮಾತೇ, "ಅಯ್ಯೋ, ಅದು ಗಂಡುಮಕ್ಕಳ ಹೆಸರಲ್ವೇನೋ? ಕಿರಣ್ಮಯಿ ಅಂತಾದ್ರೂ ಮಾಡು." ಅತ್ತಿಗೆಗೆ ಅದು ಹಳೇ ಕಾಲದ ಹೆಸರು, ಕ್ಲಾಸಿಗೆ ಇಬ್ಬರು ಇರ್ತಾರೆ. ದೊಡ್ಡಪ್ಪ ಸಂಖ್ಯಾಶಾಸ್ತ್ರ ನೋಡಿಸಿ, ಇಂಗ್ಲಿಷಿನಲ್ಲಿ ಬರೆಯುವಾಗ ಒಂದು 'ಎ' ಜಾಸ್ತಿ ಹಾಕು ಎಂದರು. ಹೆಸರಿನ ಅರ್ಥದ ಬಗ್ಗೆ ಒಬ್ಬರೂ ಕೇಳಲಿಲ್ಲ. ಜರ್ಮನ್ ನೆರೆಯವರು ಮೊದಲು ಕೇಳಿದ್ದೇ ಅದನ್ನು.

ಕೇಳಿದರೆ ಹೇಳಲು ಎಷ್ಟೊಂದಿದೆ! ಕಿರಣ ಹುಟ್ಟಿದ್ದು 'ಕೄ' ಎಂಬ ಸಂಸ್ಕೃತ ಧಾತುವಿನಿಂದ, ಅದಕ್ಕೆ ಚೆಲ್ಲು, ಹರಡು ಎಂಬ ಅರ್ಥ. ಋಗ್ವೇದದಲ್ಲಿ ಕಿರಣ ಎಂದರೆ ಸಣ್ಣ ಧೂಳು ಕೂಡ. ಬಿಸಿಲುಕೋಲಿನಲ್ಲಿ ಧೂಳು ತೇಲುವುದನ್ನು ನೋಡಿದವರಿಗೆ ಈ ನಂಟು ವಿಚಿತ್ರ ಎನಿಸದು. ನನ್ನ ಐರಿಷ್ ಸಹೋದ್ಯೋಗಿ ಮಾತ್ರ ಇದು ತಮ್ಮ ಕೀರನ್ ಎಂದೇ ತಿಳಿದಿದ್ದ. ಆ ಹೆಸರು ಬಂದದ್ದು 'ಕಪ್ಪು' ಎನ್ನುವ ಪದದಿಂದ! ಪಂಜಾಬಿನಲ್ಲಿ ಕಿರಣ್ ಹೆಂಗಸರಿಗೆ ಧಾರಾಳವಾಗಿ ಇಡುವ ಹೆಸರು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, 1978ರಲ್ಲಿ ಅಲ್ಲೇ ಬಯೋಕಾನ್ ಶುರು ಮಾಡಿದ ಕಿರಣ್ ಮಜುಂದಾರ್ ಶಾ ಅಮ್ಮನಿಗೆ ಗೊತ್ತಿಲ್ಲವೇ? ಗೊತ್ತು. "ಅವರು ದೊಡ್ಡೋರು, ನಡೆಯುತ್ತೆ."

ಊರಲ್ಲೀಗ ಎಲ್ಲರಿಗೂ 'ಯೂನಿಕ್' ಹೆಸರೇ ಬೇಕು. ಆ್ಯಪ್‌ನಲ್ಲಿ ಸಿಕ್ಕ ಎರಡು ಅಕ್ಷರ ಜೋಡಿಸಿ, ಸಂಸ್ಕೃತದಲ್ಲಿ ಹೀಗಂತೆ ಅಂದುಬಿಟ್ಟರೆ ಆಯಿತು. ನನಗಂತೂ ರೇಗುತ್ತದೆ.

ಆದರೂ ಒಂದು ಮಾತು ಒಪ್ಪಲೇಬೇಕು. ಅಮ್ಮ ತಕರಾರು ತೆಗೆದದ್ದು ಫೋನಿನಲ್ಲಿ, ಕೋರ್ಟಿನಲ್ಲಲ್ಲ. ಮಂಜು ಎಂದರೆ ಮಂಜುನಾಥನೋ ಮಂಜುಳೆಯೋ, ಶಶಿ ಎಂದರೆ ಶಶಿಧರನೋ ಶಶಿಕಲೆಯೋ, ನಮ್ಮ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಇಲ್ಲಿ ತಿಂಗಳೊಳಗೆ ಹೆಸರು ಬರೆಸಬೇಕು. ಅಲ್ಲಿ ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಿ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಷ್ಟರೊಳಗೆ ಅಜ್ಜಿ, ಅತ್ತೆ, ಜೋಯಿಸರು ಎಲ್ಲರೂ ಜಗಳವಾಡಿ ಮುಗಿಸಿರುತ್ತಾರೆ.

ರಜೆಗೆ ಊರಿಗೆ ಹೋದಾಗ ತೊಟ್ಟಿಲ ಶಾಸ್ತ್ರವೂ ಆಯಿತು. ಅಮ್ಮ ಮಗುವಿನ ಕಿವಿಯಲ್ಲಿ ಮನೆದೇವರ ಹೆಸರು ಹೇಳಿದರು, ನಕ್ಷತ್ರದ ಹೆಸರು ಹೇಳಿದರು, ನಾನು ಕಿರಣ್ ಎಂದೆ. ಕಿರಣ್ಮಯಿಯನ್ನೂ ಅಮ್ಮ ಮೆಲ್ಲಗೆ ಸೇರಿಸಿದ್ದು ಕೇಳಿಸಿತು. ನಾನು ಸುಮ್ನಿದ್ದೆ.