ಮಳೆ ಸುರಿಸುವ ಆಯುಧವಂತೆ!

ಆಶ್ಲೇಷ ಮಳೆ ಹಿಡಿದರೆ ಸಾಕು, ಸಕಲೇಶಪುರ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಆ ಮೆಸೇಜ್ ಬಂದೇ ಬರುತ್ತದೆ. ಯಾವುದೋ ದೇಶ ಆಂಟೆನಾ ಹಾಕಿ ನಮ್ಮ ಮೇಲೆ ಮಳೆ ಬಿಡುತ್ತಿದೆಯಂತೆ, ಭೂಕಂಪವೂ ಅವರದೇ ಕೈವಾಡವಂತೆ. ಓದಿದವರೇ ಫಾರ್ವರ್ಡ್ ಮಾಡುತ್ತಾರೆ, ಅದು ಬೇರೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನೀರು ಆವಿಯಾಗೋಕೆ ಎಷ್ಟು ಶಾಖ ಬೇಕೋ, ಆವಿ ಮತ್ತೆ ನೀರಾಗುವಾಗ ಅಷ್ಟೇ ಹೊರಬರುತ್ತದೆ, ಕೆಜಿಗೆ ಸುಮಾರು 25 ಲಕ್ಷ ಜೂಲ್. ಒಂದು ಟಿಎಂಸಿ ಮಳೆ ಸುರಿಯಬೇಕಾದರೆ ಮೋಡದಲ್ಲಿ ಹೊರಬರುವ ಶಾಖ, ಹಿರೋಶಿಮಾ ಮೇಲೆ ಹಾಕಿದಂಥ ಸಾವಿರಕ್ಕೂ ಜಾಸ್ತಿ ಬಾಂಬುಗಳಷ್ಟು! ಗೊರೂರಿನ ಹೇಮಾವತಿ ಡ್ಯಾಮ್ ಹಿಡಿಯುವುದು 37 ಟಿಎಂಸಿ. ನೀವೇ ಗುಣಿಸಿಕೊಳ್ಳಿ. ಇಷ್ಟನ್ನು ಹುಟ್ಟಿಸೋಕೆ ಆ ಆಂಟೆನಾಗೆ ಕರೆಂಟ್ ಎಲ್ಲಿಂದ ತರುತ್ತಾರೆ? (ಮಳೆಗಾಲದಲ್ಲಿ ನಮಗೆ ಫೋನ್ ಚಾರ್ಜ್ ಮಾಡೋಕೇ ಇರಲ್ಲ, ಬಿಡಿ.)

ಯಾರೂ ಪ್ರಯತ್ನವೇ ಪಟ್ಟಿಲ್ಲ ಅಂತಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ 1967ರಿಂದ 1972ರವರೆಗೆ ಗುಟ್ಟಾಗಿ ಮೋಡ ಬಿತ್ತನೆ ಮಾಡಿತು, ಹೋ ಚಿ ಮಿನ್ ದಾರಿ ಕೆಸರಾಗಿ ಶತ್ರುವಿನ ಲಾರಿಗಳು ಹೂತುಕೊಳ್ಳಲಿ ಅಂತ. ಆಪರೇಷನ್ ಪಾಪ್‌ಐ ಅಂತ ಹೆಸರು. 2,600ಕ್ಕೂ ಜಾಸ್ತಿ ಸಲ ವಿಮಾನ ಹಾರಿಸಿದರು. ಅದೂ ಮಳೆಗಾಲದಲ್ಲೇ, ಆಗಲೇ ಕವಿದಿದ್ದ ಮೋಡಕ್ಕೇ! ಅದರಿಂದ ಮಳೆ ಎಷ್ಟು ಹೆಚ್ಚಾಯಿತು ಅನ್ನುವುದು ಇವತ್ತಿಗೂ ವಾದದ ವಿಷಯ. ಗುಟ್ಟು ರಟ್ಟಾದ ಮೇಲೆ, 1976ರಲ್ಲಿ, ಹವಾಮಾನವನ್ನು ಯುದ್ಧಕ್ಕೆ ಬಳಸಬಾರದು ಅಂತ ವಿಶ್ವಸಂಸ್ಥೆಯಲ್ಲಿ ಒಪ್ಪಂದವೂ ಆಯಿತು. ಬರಗಾಲಕ್ಕೆ ಮೋಡ ಬಿತ್ತನೆ ಮಾಡಿಕೊಳ್ಳಬಹುದು, 2017ರಲ್ಲಿ ನಮ್ಮ ಸರ್ಕಾರವೇ 'ವರ್ಷಧಾರೆ' ಅಂತ ಮಾಡಿಸಿತ್ತಲ್ಲ.

ಇನ್ನು ನೀರನ್ನೇ ಆಯುಧ ಮಾಡಿಕೊಂಡವರೂ ಇದ್ದಾರೆ. 1938ರಲ್ಲಿ ಜಪಾನ್ ಸೈನ್ಯವನ್ನು ತಡೆಯೋಕೆ ಚೀನಾ ಸರ್ಕಾರ ಹಳದಿ ನದಿಯ ಏರಿಯನ್ನು ತಾನೇ ಒಡೆಸಿತು. ಸೈನ್ಯ ಸ್ವಲ್ಪ ಕಾಲ ತಡವಾಯಿತು ಅಷ್ಟೇ, ಸತ್ತವರು ಲಕ್ಷಾಂತರ ಜನ, ಅವರದೇ ರೈತರು. ನದಿ ಹಳೆಯ ಪಾತ್ರಕ್ಕೆ ವಾಪಸ್ ಬಂದಿದ್ದು 1947ರಲ್ಲಿ. ಗುರಿ ಇಡೋಕೇ ಬಾರದ ಇಂಥದ್ದನ್ನು ಎಲ್ಲಿಂದಲೋ ಸ್ವಿಚ್ ಒತ್ತಿ ಸರಿಯಾಗಿ ನಮ್ಮ ತಾಲ್ಲೂಕಿಗೇ ಬಿಡುತ್ತಾರೆ ಅಂದರೆ ನಾನಂತೂ ನಂಬಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ದೋಣಿಗಾಲ್ ಹತ್ತಿರ ಹೈವೇಗೆ ಗುಡ್ಡ ಕಡಿದಿರುವ ಜಾಗ ನೋಡಿದ್ದೀರಲ್ವಾ? ಕೆಂಪು ಮಣ್ಣು ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಮೇಲಿನ ಅಂಚಿನಲ್ಲಿ ಮರದ ಬೇರುಗಳು ಸುಮ್ನೆ ಗಾಳಿಗೆ ನೇತಾಡುತ್ತಿವೆ, ಬುಡದಲ್ಲಿ ಜಲ ಎದ್ದು ಕೆಸರು ರಸ್ತೆಗೇ ಇಳಿಯುತ್ತದೆ. ಇದನ್ನು ಇಷ್ಟು ನೇರ ಕಡಿಯೋಕೆ ಒಪ್ಪಿಗೆ ಕೊಟ್ಟವರು ಯಾರು, ಮೇಲಿಂದ ಬರುವ ನೀರಿಗೆ ಚರಂಡಿ ಎಲ್ಲಿ ಅಂತ ಅದೇ ಗ್ರೂಪಿನಲ್ಲಿ ಫೋಟೋ ಹಾಕಿ ಕೇಳಿದೆ. ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ.