ಪಂಪ್‌ಹೌಸ್ ಪಕ್ಕದ ಆಟದ ಮನೆ

ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಕಾಲಿಂಗ್ ಬೆಲ್ಲು. ಬಾಗಿಲು ತೆಗೆದರೆ ಹೆಡ್‌ಮೇಷ್ಟ್ರು. ‘ಅಮ್ಮಾ, ತೊಂದರೆ ಕೊಟ್ಟೆ ಅಂತ ಕಾಣತ್ತೆ. ಕೀ ಬೇಕಿತ್ತು.’ ತೊಂದರೆ ಅಂತ ಗೊತ್ತಿದ್ದೂ ಕೊಡುವವರಿಗೆ ಏನು ಹೇಳುವುದು? ಕ್ಯಾಲೆಂಡರಿನ ಪಕ್ಕದ ಮೊಳೆಯಿಂದ ಬೀಗದ ಕೈ ತೆಗೆದುಕೊಟ್ಟೆ. ಮತ್ತೆ ತಲೆ ದಿಂಬಿಗೆ ತಾಗಿಸುವಷ್ಟರಲ್ಲಿ ಇನ್ನೊಂದು ಬೆಲ್ಲು. ಈ ಸಲ ಬ್ಯಾಂಕಿನವರು. ‘ಕೀ ಯಾರು ತಗೊಂಡು ಹೋದ್ರು?’ ಮೇಷ್ಟ್ರು ಅಂದೆ. ‘ಓ, ಹಾಗಾದ್ರೆ ಬಾಗಿಲು ತೆಗೆದಿರತ್ತೆ’ ಎಂದು ಹೊರಟರು. ಪಾರ್ಕು ನಮ್ಮ ಮನೆಯ ಎದುರಿಗೇ ಇದೆ. ಬಾಗಿಲು ತೆಗೆದಿದೆಯೋ ಇಲ್ಲವೋ ಗೇಟಿನ ಹತ್ತಿರ ನಿಂತರೆ ಕಾಣುತ್ತದೆ. ಆದರೆ ಜೀವಮಾನವೆಲ್ಲ ಆಫೀಸಿನಲ್ಲಿ ಕೂತವರಿಗೆ ಕಣ್ಣಾರೆ ಕಂಡದ್ದು ಸಾಲದು, ಯಾರಾದರೂ ಬಾಯಿಬಿಟ್ಟು ಹೇಳಬೇಕು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪಂಪ್‌ಹೌಸಿಗೆ ಅಂಟಿಕೊಂಡು ಒಂದು ಕೋಣೆ ಇತ್ತು. ಮಾಲಿ ಅದರಲ್ಲಿ ಗುದ್ದಲಿ, ಪೈಪು, ಗೊಬ್ಬರದ ಮೂಟೆ ಇಟ್ಟುಕೊಳ್ಳುತ್ತಿದ್ದ. ಈಗ ಅದು ಆಟದ ಮನೆ. ಗುದ್ದಲಿ, ಪೈಪು, ಗೊಬ್ಬರದ ಮೂಟೆ ನಮ್ಮ ಕಾರ್ ಶೆಡ್ಡಿನಲ್ಲಿವೆ. ಸಮಿತಿಯಲ್ಲಿ ನಮ್ಮನೆಯವರೂ ಇರುವುದರಿಂದ ಈ ಏರ್ಪಾಡಿಗೆ ನನ್ನ ಒಪ್ಪಿಗೆ ಇದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ.

ಸಮಿತಿಗೆ ಮೊದಲು ಹೊಳೆದದ್ದು ಟೇಬಲ್ ಟೆನ್ನಿಸ್. ಕೆ.ಇ.ಬಿ.ಯಲ್ಲಿ ಇಂಜಿನಿಯರ್ ಆಗಿದ್ದವರು ಗ್ರಾಫ್ ಹಾಳೆಯ ಮೇಲೆ ನಕ್ಷೆಯನ್ನೇ ಬರೆದು ತಂದರು. ಕೋಣೆ ಹನ್ನೆರಡಡಿಗೆ ಹತ್ತಡಿ, ಟೇಬಲ್ಲು ಒಂಬತ್ತಡಿಗೆ ಐದಡಿ, ಸಲೀಸಾಗಿ ಕೂರುತ್ತದೆ. ಆಡುವವರು ಎಲ್ಲಿ ನಿಲ್ಲಬೇಕು ಎಂದು ಕೇಳಿದಾಗ ಮತ್ತೆ ಲೆಕ್ಕ ಹಾಕಿದರು. ಆ ಕಡೆ ಒಂದೂವರೆ ಅಡಿ, ಈ ಕಡೆ ಒಂದೂವರೆ ಅಡಿ. ಅಷ್ಟು ಜಾಗದಲ್ಲಿ ಹಿಡಿಸುವ ಹೊಟ್ಟೆ ಸಮಿತಿಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ಕೇರಂ ಬೋರ್ಡೇ ಬಂತು. ಬೋರ್ಡಿನ ನಡುಮಧ್ಯಕ್ಕೆ ಬೆಳಕು ಬೀಳಬೇಕೆಂದು ಇಂಜಿನಿಯರರು ಬಲ್ಬನ್ನು ಎಷ್ಟು ಕೆಳಕ್ಕೆ ಇಳಿಸಿದ್ದಾರೆಂದರೆ, ರೆಡ್ಡು ಬಿದ್ದ ಖುಷಿಗೆ ಎದ್ದು ನಿಂತವರೆಲ್ಲ ಹಣೆಗೆ ಬಡಿಸಿಕೊಂಡಿದ್ದಾರೆ. ಬೋರಿಕ್ ಪೌಡರಿನ ಬಿಳಿ ಹೆಜ್ಜೆಗಳು ಪಾರ್ಕು ದಾಟಿ, ರಸ್ತೆ ದಾಟಿ ನಮ್ಮ ನಡುಮನೆಯವರೆಗೂ ಬರುತ್ತವೆ.

ಇಸ್ಪೀಟಿನ ಮೇಲೂ ದೊಡ್ಡ ಚರ್ಚೆಯೇ ಆಯಿತು. ಬ್ಯಾಂಕಿನವರಿಗೆ ಪೊಲೀಸರ ಭಯ. ಮೂರನೇ ಕ್ರಾಸಿನ ವಕೀಲರು ಎದ್ದು ನಿಂತು, 1967ರಲ್ಲೇ ಸುಪ್ರೀಂ ಕೋರ್ಟು ರಮ್ಮಿ ಬರೀ ಅದೃಷ್ಟದ ಆಟವಲ್ಲ, ಅದಕ್ಕೆ ಚಾಕಚಕ್ಯತೆ ಬೇಕು, ಮೂರೆಲೆ ಆಟದ ಸಾಲಿಗೆ ಸೇರಿಸುವ ಹಾಗಿಲ್ಲ ಎಂದು ಹೇಳಿದೆ ಎಂದು ವಾದಿಸಿದರು. ಅಲ್ಲಿ ಗೆದ್ದರು. ಮನೆಗೆ ಹೋದ ಮೇಲೆ ಅವರ ಹೆಂಡತಿ ಏನಂದರೋ, ಮಾರನೇ ದಿನ ಪ್ರಸ್ತಾಪವನ್ನು ತಾವೇ ವಾಪಸ್ ತೆಗೆದುಕೊಂಡರು.

ಆಮೇಲೆ ಹೆಸರಿನ ಪ್ರಶ್ನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿಡೋಣ ಎಂದರು ಮೇಷ್ಟ್ರು. ಗೊಬ್ಬರದ ವಾಸನೆ ಇನ್ನೂ ಹೋಗಿಲ್ಲ, ಮಹಾರಾಜರನ್ನು ಅಲ್ಲಿಗೆ ಯಾಕೆ ಎಳೀತೀರಿ ಎಂದು ನಮ್ಮನೆಯವರು ಅಡ್ಡ ಬಂದರು. ನನಗೇನೋ ಇದಕ್ಕಿಂತ ತಕ್ಕ ಹೆಸರು ಹೊಳೆಯಲಿಲ್ಲ. ಮೈಸೂರು ಸೀಮೆಯಲ್ಲಿ ರಿಟೈರಾದ ಮೇಲೆ ಆಟಗಳಿಗೆ ಕೈ ಹಾಕಿದವರಲ್ಲಿ ಹಿರಿಯರು ಅವರೇ ತಾನೆ? ರಿಟೈರಾದದ್ದೇನೂ ಇಷ್ಟಪಟ್ಟಲ್ಲ. 1799ರಲ್ಲಿ ಐದು ವರ್ಷದ ಮಗುವನ್ನು ಗಾದಿಯ ಮೇಲೆ ಕೂರಿಸಿದ ಇಂಗ್ಲಿಷರೇ 1831ರಲ್ಲಿ ಆಡಳಿತ ಕಿತ್ತುಕೊಂಡರು. ಆಗ ದೊರೆಗೆ ಮೂವತ್ತೇಳು ವರ್ಷ. ತೀರಿಕೊಂಡದ್ದು 1868ರಲ್ಲಿ. ಅಂದರೆ ಇನ್ನೂ ಒಂದು ಮೂವತ್ತೇಳು ವರ್ಷ ಅರಮನೆ ಇದೆ, ದರ್ಬಾರಿದೆ, ದಸರಾ ಇದೆ, ಸಹಿಗೆ ಮಾತ್ರ ಕಾಗದ ಬರುವುದಿಲ್ಲ.

ಬೇರೆಯವರಾಗಿದ್ದರೆ ಅಡುಗೆಮನೆಗೆ ನುಗ್ಗಿ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು. ದೊರೆಗಳು ಮಣೆ ಹಾಕಿಕೊಂಡು ಕೂತರು. ಚದುರಂಗದ ಕುದುರೆ 64 ಮನೆಗೂ ಒಂದೊಂದೇ ಸಲ ಕಾಲಿಟ್ಟು ಬರುವ ದಾರಿ ಯಾವುದು ಎಂದು ಲೆಕ್ಕ ಹಾಕಿದರು. ದಶಾವತಾರ ಗಂಜೀಫಾ ಎಂಬ ಹಳೇ ಕಾಲದ ಇಸ್ಪೀಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ದುಂಡೆಲೆ. ಅಷ್ಟು ಸಾಲದೆಂದು ಎಲೆ ಹೆಚ್ಚಿಸಿ, ಬಣ್ಣ ಹೆಚ್ಚಿಸಿ ಹೊಸ ಹೊಸ ಆಟ ಕಟ್ಟಿದರು. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿ ಎಂಬ ಗ್ರಂಥ ಮಾಡಿಸಿದರಲ್ಲ, ಅದರ ಮೊದಲ ಭಾಗಗಳೆಲ್ಲ ಶಕ್ತಿ, ವಿಷ್ಣು, ಶಿವ ಎಂದು ದೇವರುಗಳಿಗೆ. ಕೊನೆಯ ಕೌತುಕನಿಧಿ ಆಟಗಳಿಗೆ. 1861ರ ಜಗನ್ಮೋಹನ ಅರಮನೆಗೆ ಹೋದವರು ಕೆಳಗಿನ ಚಿತ್ರಗಳನ್ನು ನೋಡಿ ಸುಸ್ತಾಗಿ ವಾಪಸ್ ಬರುತ್ತಾರೆ. ಮೇಲೆ ಹತ್ತಿದರೆ ಗೋಡೆಯ ಮೇಲೆ ಆಟದ ಮಣೆಗಳನ್ನೇ ಬರೆಸಿರುವುದು ಕಾಣುತ್ತದೆ. ನಮ್ಮ ಸಮಿತಿ ಒಂದು ಬಲ್ಬು ಹಾಕಿ ಇಷ್ಟು ಜಂಬ ಪಡುತ್ತದೆ.

ನನಗೆ ಯೋಚನೆ ಬರುವುದು ಇನ್ನೊಬ್ಬರದು. ದೊರೆಗಳು ಬೆಳಿಗ್ಗೆ ಎದ್ದು ಹೊಸದೊಂದು ಆಟ ಕಟ್ಟಿದರು ಎನ್ನಿ, ಎದುರಿಗೆ ಕೂತು ಆಡಬೇಕಾದವರು ಯಾರು? ಆಸ್ಥಾನದ ಯಾವ ಬಡಪಾಯಿಯೋ ಹೊಟ್ಟೆ ಹಸಿದುಕೊಂಡು ನಿಯಮ ಕೇಳಿಸಿಕೊಂಡಿರಬೇಕು, ಗೆಲ್ಲುವ ಹಾಗೂ ಇಲ್ಲ, ತೀರ ಸುಲಭವಾಗಿ ಸೋಲುವ ಹಾಗೂ ಇಲ್ಲ. ರಾಜ್ಯ ವಾಪಸ್ ಕೊಡಿ ಎಂದು ದೊರೆಗಳು ಅರ್ಜಿ ಬರೆಯುವುದನ್ನೂ ಬಿಡಲಿಲ್ಲ. ಕೊಟ್ಟದ್ದು 1881ರಲ್ಲಿ, ಅದೂ ದತ್ತುಪುತ್ರ ಚಾಮರಾಜ ಒಡೆಯರಿಗೆ. ಈ ಕಥೆಯನ್ನೆಲ್ಲ ನಮ್ಮನೆಯವರಿಗೆ ಹೇಳಿದೆ. ಪೂರ್ತಿ ಕೇಳಿ, ‘ಹೆಸರು ಅಷ್ಟುದ್ದ ಆದ್ರೆ ಬೋರ್ಡ್ ಬರೆಯೋನು ಅಕ್ಷರಕ್ಕೆ ದುಡ್ಡು ಕೇಳ್ತಾನೆ’ ಅಂದರು. ‘ಹಿರಿಯರ ಆಟದ ಮನೆ’ ಎಂದಾಯಿತು.

ಈ ಹಿರಿಯರು ಎನ್ನುವುದರಲ್ಲಿ ಯಾರು ಯಾರು ಸೇರುತ್ತಾರೆ ಎಂದು ನಾನು ಕೇಳಲಿಲ್ಲ, ನಿಯಮದ ಬೋರ್ಡೇ ಹೇಳಿತು. ಮಹಿಳೆಯರಿಗೆ ಮಧ್ಯಾಹ್ನ ಮೂರರಿಂದ ನಾಲ್ಕು. ಕುಕ್ಕರ್ ಇಳಿಸಿ, ಒಣಗಿದ ಬಟ್ಟೆ ಮಡಿಸಿ, ಸ್ಕೂಲಿನಿಂದ ಬರುವ ಮೊಮ್ಮಗನಿಗೆ ತಿಂಡಿ ಮಾಡುವ ಹೊತ್ತಿಗೆ ಸರಿಯಾಗಿ ನಮ್ಮ ಪಾಳಿ. ಮಕ್ಕಳು ಹಿರಿಯರ ಜೊತೆಯಲ್ಲಿ ಮಾತ್ರ ಬರತಕ್ಕದ್ದು. ಬೇಸಿಗೆ ರಜೆಯಲ್ಲಿ ಐದಾರು ಹುಡುಗರು ಕಿಟಕಿಯ ಸರಳು ಹಿಡಿದು ನಿಂತು ಒಳಗೆ ನೋಡುತ್ತಿದ್ದರು. ಒಳಗಿನ ನಾಲ್ವರು ಫೈನ್ ಕಟ್ಟಬೇಕೋ ಬೇಡವೋ ಎಂದು ಕಿತ್ತಾಡುತ್ತಿದ್ದರು. ಒಬ್ಬ ಪುಟ್ಟ ಹುಡುಗ, ‘ತಾತ, ಕಟ್ ಹೊಡೀರಿ, ಬೀಳತ್ತೆ’ ಅಂದ. ಅವನನ್ನು ಓಡಿಸಿದರು. ಅವನು ಹೇಳಿದ ಪಾನಿಗೇ ಹೊಡೆದರು, ಬಿತ್ತು. ಇಂಥವರಿಗೆ ಕೀ ಕೊಡಲು ನಾನು ನಿದ್ದೆ ಕೆಡಿಸಿಕೊಳ್ಳಬೇಕು.

ಅದಕ್ಕೇ ನಾವು ಹೆಂಗಸರು ಒಳಗೆ ಹೋಗುವುದನ್ನೇ ಬಿಟ್ಟೆವು. ಹೊರಗಿನ ಜಗಲಿ ಯಾವ ಸಮಿತಿಗೂ ಸೇರಿದ್ದಲ್ಲ. ಸೀಮೆಸುಣ್ಣದಲ್ಲಿ ಐದು ಮನೆ ಉದ್ದ ಐದು ಮನೆ ಅಗಲ ಗೆರೆ ಎಳೆದು, ಕಟ್ಟೆಮನೆಗಳಿಗೆ ಅಡ್ಡಗೀಟು ಹಾಕಿ ಚೌಕಾಬಾರ ಶುರುಮಾಡಿದೆವು. ಹುಣಸೆ ಬೀಜ ನೆಲಕ್ಕೆ ಉಜ್ಜಿ ಅರ್ಧ ಬಿಳಿ ಮಾಡಿದ್ದು ಕಿಟಕಿಯ ಹುಡುಗರು. ಬಳೆಚೂರೇ ಕಾಯಿ. ಖರ್ಚು ಸೊನ್ನೆ, ಖಜಾಂಚಿ ಬೇಡ.

ಒಂದು ವಾರದಲ್ಲಿ ಮೇಷ್ಟ್ರು ಹೊರಗೆ ಬಂದು ಹಿಂದೆ ನಿಂತರು. ಆಮೇಲೆ ಕೂತರು. ಆಮೇಲೆ ಕೆಂಪು ಬಳೆಚೂರು ತಮಗೇ ಬೇಕೆಂದರು. ಚೌಕ ಬಿದ್ದರೂ ಇನ್ನೊಂದು ಸಲ, ಬಾರ ಬಿದ್ದರೂ ಇನ್ನೊಂದು ಸಲ ಹಾಕುವುದರಲ್ಲಿ ತಕರಾರಿಲ್ಲ. ತಕರಾರು ಬಂದದ್ದು ಒಳಮನೆಗೆ ಹೋಗುವಾಗ. ಹಾಸನದ ಕಡೆ ನಮ್ಮ ತೌರಿನಲ್ಲಿ, ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಬಿಡುವುದಿಲ್ಲ. ಮೇಷ್ಟ್ರು ಯಾರನ್ನೂ ಕಡಿಯದೆ, ಬಹಳ ಸಾಧುವಾಗಿ, ನೇರ ಹಣ್ಣು ಮಾಡಿಕೊಳ್ಳಲು ಹೊರಟಿದ್ದರು.

‘ನಮ್ಮೂರಲ್ಲಿ ಹೀಗೇ ಆಡೋದು ಅಮ್ಮಾ’ ಅಂದರು.

‘ಇದು ನಿಮ್ಮೂರಲ್ಲ, ಜಗಲಿ’ ಅಂದೆ.

‘ಸಮಿತಿಯಲ್ಲಿ ಇಟ್ಟು ತೀರ್ಮಾನ ಮಾಡೋಣ.’

ಇಡಲಿ. ಮುಂದಿನ ಸಭೆ ತಿಂಗಳ ಕೊನೆಯ ಭಾನುವಾರ. ಅಲ್ಲಿಯವರೆಗೆ ಅವರ ಕೆಂಪು ಕಾಯಿ ಹೊರಸುತ್ತಿನಲ್ಲೇ ಸುತ್ತುತ್ತಿರಲಿ. ನನ್ನ ಎರಡು ಆಗಲೇ ಹಣ್ಣಾಗಿವೆ.