ಊದಬೇಡಿ, ಗೀರಿ

ನ್ಯೂಯಾರ್ಕಿನಲ್ಲಿ ಊಟ, ಪಾನೀಯ ಮಾರುವ ಜಾಗದಲ್ಲಿ ಕಛೇರಿ ಕೊಡಲು ಶ್ರುತಿಜ್ಞಾನ ಸಾಲದು, ತಲೆ ಎಣಿಸಲೂ ಬರಬೇಕಿತ್ತು. ಇಂಥ ಕಡೆ ಹಾಡು, ವಾದ್ಯ, ಕುಣಿತಕ್ಕೆ ಲೈಸೆನ್ಸ್ ಕೇಳುತ್ತಿದ್ದ 1926ರ ಕ್ಯಾಬರೆ ಕಾನೂನಿಗೆ 1961ರಲ್ಲಿ ಸಿಕ್ಕ ವಿನಾಯಿತಿ ಇಷ್ಟು: ಪಿಯಾನೊ, ಆರ್ಗನ್, ಅಕಾರ್ಡಿಯನ್, ಗಿಟಾರ್ ಅಥವಾ ಇನ್ನಾವುದೇ ತಂತಿವಾದ್ಯವನ್ನು ಮೂವರವರೆಗೆ ನುಡಿಸಿದರೆ ಕ್ಯಾಬರೆ ಲೈಸೆನ್ಸ್ ಬೇಡ. ನಾಲ್ಕನೆಯವನು ಬಂದರೆ ಬೇಕು. ಒಬ್ಬನೇ ಕೂತು ಕೊಳಲು ಊದಿದರೂ ಬೇಕು.

ಅಕಾರ್ಡಿಯನ್ ನುಡಿಯುವುದೂ ಗಾಳಿಯಿಂದಲೇ. ಆದರೆ ಅಲ್ಲಿ ಊದುವುದು ತಿದಿ. ನಗರಾಡಳಿತದ ತಕರಾರು ಇದ್ದದ್ದು ಶ್ವಾಸಕೋಶದ ಮೇಲೆ. ಜ್ಯೂಕ್‌ಬಾಕ್ಸ್‌ಗೆ ಅದಿಲ್ಲವಲ್ಲ, ಒಳಗಿನ ರೆಕಾರ್ಡಿನಲ್ಲಿ 17 ಜನ ಊದಿ ಬಡಿದರೂ ಅದು ಬರೀ ಯಂತ್ರ.

ಹೀಗಿರುವಾಗ ಬರೀ ಮನೋಧರ್ಮವನ್ನೇ ನಂಬಿದ ಫ್ರೀ ಜಾಜ್ ವಾದಕರು ಆ ಪಟ್ಟಿಯಲ್ಲಿಲ್ಲದ ತಾಳವಾದ್ಯವನ್ನು ಲೈಸೆನ್ಸಿಲ್ಲದೆ ನುಡಿಸುವುದು ಹೇಗೆ? ಗ್ರ್ಯಾಂಡ್ ಪಿಯಾನೊದ ಮುಚ್ಚಳ ಎತ್ತಿ. ಮಧ್ಯಸ್ಥಾಯಿಯಲ್ಲಿ ಸ್ವರಕ್ಕೆ ಮೂರು ತಂತಿ. ಮರದ ಚಕ್ಕೆಯಿಂದ ಎರಡು ತಂತಿಗಳ ಸಂದು ಬಿಡಿಸಿ ಸ್ಕ್ರೂ ಸಿಕ್ಕಿಸಿ: ಜಾಗಟೆ. ಪಕ್ಕದ ಸ್ವರಕ್ಕೆ ರಬ್ಬರ್ ತುಂಡು: ಮದ್ದಳೆಯ ಠಪ್. ಸ್ಕ್ರೂ ಸಡಿಲವಿದ್ದರೆ ನಾಲ್ಕು ಪೆಟ್ಟಿಗೆ ಕಳಚಿ ಸೌಂಡ್‌ಬೋರ್ಡ್ ಮೇಲೆ ಬೀಳುತ್ತದೆ, ತೀರಾ ದಪ್ಪವಿದ್ದರೆ ತಂತಿ ಬಿಗಿದು ಶ್ರುತಿ ಕೆಡುತ್ತದೆ, ಡ್ಯಾಂಪರ್‌ಗೆ ಅಡ್ಡವಾದರೆ ಸ್ವರ ನಿಲ್ಲುವುದೇ ಇಲ್ಲ. ಇನ್‌ಸ್ಪೆಕ್ಟರ್ ಬಂದರೆ ಮುಚ್ಚಳ ಹಾಕಿ, 88 ಮನೆಗಳನ್ನಷ್ಟೇ ತೋರಿಸಿ.

ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಬ್ಯಾಟರಿ ಫ್ಯಾನಿನ ರೆಕ್ಕೆ ತಂತಿಗೆ ತಾಗಿಸಿ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಮೋಟಾರಿನ ಕಾಂತಕ್ಷೇತ್ರವನ್ನೂ ಹಿಡಿದು ಗುಂಯ್‌ಗುಡುತ್ತದೆ. ಹೆದರಬೇಡಿ, ಅದೂ ಸಂಗೀತವೇ. 100 ವಾಟ್‌ನಲ್ಲಿ ಗೋಡೆ ಅದುರಿದರೂ ಕಡತದಲ್ಲಿ ಅದು ತಂತಿವಾದ್ಯ. ಮೂಲೆಯಲ್ಲಿ ಬ್ರಷ್‌ನಿಂದ ಸ್ನೇರ್ ಡ್ರಮ್ ಸವರುತ್ತಿದ್ದಾನಲ್ಲ, ಅಪರಾಧಿ ಅವನು.

1970ರ ದಶಕದಲ್ಲಿ ಇಂಥವರು ಹಳೆಯ ಕಾರ್ಖಾನೆ ಮಹಡಿಗಳಲ್ಲಿ, ಅಂದರೆ ಲಾಫ್ಟ್‌ಗಳಲ್ಲಿ, ತಾವೇ ಕಛೇರಿ ನಡೆಸಿಕೊಂಡರು. ಬಾಡಿಗೆ ಅಗ್ಗವಿದ್ದದ್ದೂ ಕಾರಣ ಎನ್ನಿ. 24, ಬಾಂಡ್ ಸ್ಟ್ರೀಟಿನಲ್ಲಿ ಸ್ಟುಡಿಯೊ ರಿವ್‌ಬೀ ನಡೆಸಿದ ಸ್ಯಾಮ್ ರಿವರ್ಸ್ ನುಡಿಸುತ್ತಿದ್ದದ್ದು ಟೆನರ್ ಸ್ಯಾಕ್ಸೋಫೋನ್, ಸೊಪ್ರಾನೊ ಸ್ಯಾಕ್ಸೋಫೋನ್, ಕೊಳಲು, ಪಿಯಾನೊ. ಕಾನೂನಿನ ಲೆಕ್ಕಕ್ಕೆ ಆ ಮಹಾನುಭಾವ ನಾಲ್ಕಾಣೆಯಷ್ಟು ಮಾತ್ರ ಸಭ್ಯ.

ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಫೋನಿನ ವಾದಕ ವಾರೆನ್ ಚಿಯಾಸನ್ ಮತ್ತಿತರರು ಕೋರ್ಟಿಗೆ ಹೋದ ಮೇಲೆ 1986ರಲ್ಲಿ ವಾದ್ಯಭೇದ, 1988ರಲ್ಲಿ ಮೂವರ ಮಿತಿ ಬಿದ್ದುಹೋದವು. ಕೇಳಲು ಬಂದವರು ಎದ್ದು ಕುಣಿಯುವುದಕ್ಕೆ ಮಾತ್ರ 2017ರವರೆಗೂ ಲೈಸೆನ್ಸ್ ಬೇಕಿತ್ತು. ಫ್ರೀ ಜಾಜ್‌ನವರಿಗೆ ಅದರಿಂದ ನಷ್ಟವೇನಿಲ್ಲ. ಅವರ ಕಛೇರಿಯಲ್ಲಿ ಕುಣಿಯುವವರನ್ನು ಪತ್ತೆಹಚ್ಚಲು ಇನ್ನೊಂದು ಇಲಾಖೆಯನ್ನೇ ತೆರೆಯಬೇಕಾಗುತ್ತಿತ್ತು.